ನಂದಿ ಗಡಿಯಾಚೆ ಇದ್ದಾನೆ

ಕೃಷ್ಣೆಯ ಒಂದು ದಡದಲ್ಲಿ ಬೆಳಗಾವಿ ಜಿಲ್ಲೆಯ ಜುಗೂಳ, ಎದುರು ದಡದಲ್ಲಿ ಕೊಲ್ಹಾಪುರ ಜಿಲ್ಲೆಯ ಖಿದ್ರಾಪುರ. 2009ರ ಜನವರಿಯಲ್ಲಿ ಹೆಗಲಿಗೊಂದು ಚೀಲ ಹಾಕಿಕೊಂಡು, ಮೀರಜಿನಲ್ಲಿ ರೈಲಿಳಿದು, ಕಾಗವಾಡದ ಮೂಲಕ ಜುಗೂಳಕ್ಕೆ ಬಂದೆ. ಕೆಲವೇ ರೂಪಾಯಿಗೆ ದೋಣಿ ದಾಟಿಸುತ್ತದೆಂದು ಕೇಳಿಯೇ ಈ ದಾರಿ ಹಿಡಿದಿದ್ದೆ.

ಈ ಹೊಳೆ ಮೊದಲಿನಿಂದ ರಾಜ್ಯಗಳ ಗಡಿಯಲ್ಲ. ಬ್ರಿಟಿಷರ ಕಾಲದಲ್ಲಿ ಈ ಸೀಮೆ ಕೊಲ್ಹಾಪುರ ಸಂಸ್ಥಾನ, ಪಟವರ್ಧನರ ಚಿಕ್ಕ ಸಂಸ್ಥಾನಗಳು, ಸರಕಾರಿ ಜಿಲ್ಲೆಗಳೆಂದು ಹರಿದು ಹಂಚಿಹೋಗಿತ್ತು. 1949ರಲ್ಲಿ ಕೊಲ್ಹಾಪುರವು ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನುಳಿದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಇಲ್ಲಿ ಕೃಷ್ಣೆಯೇ ಗಡಿಯಾಯಿತು. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು.

ದೋಣಿಯಲ್ಲಿದ್ದ ಅಜ್ಜಿಯೊಬ್ಬರು ಊರು ಕೇಳಿದರು. ಕಾಸರಗೋಡೆಂದೆ. "ಅಲ್ಲಿ ಕನ್ನಡ ಮಾತಾಡ್ತಾರೇನ್ರೀ?" ಎಂದರು. ನಾನು ಅವರಿಗೆ ಕೇಳಬೇಕೆಂದಿದ್ದ ಪ್ರಶ್ನೆಯೂ ಅದೇ. ಅವರ ತವರು ಗಡಹಿಂಗ್ಲಜ. "ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಗುಡಿ ಕಲ್ಲಿನ ಮ್ಯಾಲ ಕನ್ನಡ ಐತ್ರಿ, ನಮಗ ಓದಾಕ ಬರೂದಿಲ್ಲ. ನೀವು ಓದ್ರಿ" ಎಂದರು.

ಖಿದ್ರಾಪುರದ ಹಳೆಯ ಹೆಸರು ಕೊಪ್ಪ. 1054ರಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನೊಡನೆ ಕಾದಿ ಚೋಳ ರಾಜಾಧಿರಾಜನು ಮಡಿದ ಕೊಪ್ಪಂ ಇದೇ ಎಂದು ಕೆಲವು ವಿದ್ವಾಂಸರ ಮತ. ಅದು ಕೊಪ್ಪಳವೆನ್ನುವವರೂ ಇದ್ದಾರೆ. ಇಲ್ಲಿನ ಕೋಪೇಶ್ವರ ದೇವಾಲಯ 12ನೆಯ ಶತಮಾನದ್ದು, ಶಿಲಾಹಾರರ ಕಾಲದ್ದು. ಇದೇ ಶಿಲಾಹಾರರ ಆಶ್ರಯದಲ್ಲಿ ಕರ್ಣಪಾರ್ಯನು ಕನ್ನಡದಲ್ಲಿ 'ನೇಮಿನಾಥಪುರಾಣ' ರಚಿಸಿದ. ಮುಂದಿನ ಸ್ವರ್ಗಮಂಟಪಕ್ಕೆ 48 ಕಂಬಗಳು; ನಡುವೆ ಮಾಡಿಲ್ಲ, ಬಾನು ಕಾಣುತ್ತದೆ. ಯಾದವ ಸಿಂಘಣನ ಸಂಸ್ಕೃತ ಶಾಸನವೊಂದು ದೇವನಾಗರಿಯಲ್ಲಿದೆ. ಉಳಿದವುಗಳಲ್ಲಿ ಹೆಚ್ಚಿನವು ಹಳಗನ್ನಡದವು.

ಶಿವನ ಎದುರು ನಂದಿಯಿಲ್ಲ. ಸತೀದೇವಿ ನಂದಿಯನ್ನೇರಿ ದಕ್ಷಯಜ್ಞಕ್ಕೆ ಹೋದಳಂತೆ. ಆ ನಂದಿ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿದ್ದಾನೆ ಎನ್ನುತ್ತಾರೆ. ದೇವರು ಮಹಾರಾಷ್ಟ್ರದಲ್ಲಿ, ವಾಹನ ಕರ್ನಾಟಕದಲ್ಲಿ! ಆದರೂ ಎರಡೂ ಕಡೆಯ ಭಕ್ತರು ಗಡಿ ದಾಟಿ ಬರುತ್ತಲೇ ಇರುತ್ತಾರೆ.

ಶಾಸನದ ಮುಂದೆ ಬಹಳ ಹೊತ್ತು ನಿಂತೆ. ಕೆಲವು ಅಕ್ಷರಗಳ ಗುರುತು ಸಿಕ್ಕಿತು. ಒಂದು ಸಾಲೂ ಕೂಡಿಬರಲಿಲ್ಲ. ಕನ್ನಡ ಶಾಲೆಯಲ್ಲಿ ಓದಿದವನಿಗೂ ಅಜ್ಜಿಗೂ ಅಲ್ಲಿ ವ್ಯತ್ಯಾಸವಿರಲಿಲ್ಲ. ಕುರುಂದವಾಡ, ಇಚಲಕರಂಜಿಯ ಮೂಲಕ ಕೊಲ್ಹಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅದೇ ಯೋಚನೆ. ಹಳಗನ್ನಡದ ಲಿಪಿ ಬಾರದ್ದು ನನ್ನ ಕೊರತೆ. ಇಂದಿನ ಕನ್ನಡವನ್ನೂ ಓದಲಾರದ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆದರೆ, ಆ ತಪ್ಪನ್ನು ಯಾವ ಗಡಿಯ ಮೇಲೂ ಹೊರಿಸುವಂತಿಲ್ಲ.