ಪದವಿ ಎಂಬ ಶಿಫಾರಸು

ನೆರೆಮನೆಯ ತರುಣನೊಬ್ಬ ಮೊನ್ನೆ ಕೇಳಿದ: “ಹೊಸ ಉದ್ಯಮಕ್ಕೆ ಹಣ ಕೊಡುವವರು ಮೊದಲು ಯಾವ ಕಾಲೇಜು ಎಂದೇ ಏಕೆ ಕೇಳುತ್ತಾರೆ, ಮೇಷ್ಟ್ರೇ?” ನನಗೊಂದು ಹಳೆಯ ಪ್ರಸಂಗ ನೆನಪಾಯಿತು.

1946ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹೊಸ ಉದ್ಯಮಗಳಿಗೆ ಬಂಡವಾಳ ಒದಗಿಸುವ ಸಂಸ್ಥೆಯೊಂದು ಹುಟ್ಟಿತು. ಅದನ್ನು ಸ್ಥಾಪಿಸಿದವರಲ್ಲಿ ಜಾರ್ಜ್ ಡೋರಿಯೋ ಹಾರ್ವರ್ಡಿನ ಪ್ರಾಧ್ಯಾಪಕರು. ಕಾರ್ಲ್ ಕಾಂಪ್ಟನ್ ಎಂ.ಐ.ಟಿ.ಯ ಅಧ್ಯಕ್ಷರು. ತಿಜೋರಿಯ ಬೀಗದಕೈ ವಿದ್ಯಾಪೀಠದವರ ಕೈಯಲ್ಲಿಯೇ ಇತ್ತೆನ್ನಬೇಕು. 1957ರಲ್ಲಿ ಹಣ ಕೇಳಿ ಬಂದ ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಎಂ.ಐ.ಟಿ.ಯ ಲಿಂಕನ್ ಪ್ರಯೋಗಾಲಯದ ಇಂಜಿನಿಯರುಗಳು. ವ್ಯಾಪಾರ ನಡೆಸಿ ಗೊತ್ತಿಲ್ಲದವರು. ಆದರೂ 70,000 ಡಾಲರು ದೊರೆಯಿತು. ಪ್ರತಿಯಾಗಿ ಶೇಕಡಾ 70ರಷ್ಟು ಒಡೆತನವನ್ನು ಬಿಟ್ಟುಕೊಟ್ಟರು. ಹಳೆಯ ಉಣ್ಣೆ ಗಿರಣಿಯೊಂದರಲ್ಲಿ ಮೊದಲಾದ ಅವರ ‘ಡಿಜಿಟಲ್ ಈಕ್ವಿಪ್‌ಮೆಂಟ್’ ಕಂಪನಿ ಮುಂದೆ ಗಣಕಯಂತ್ರಗಳಿಗೆ ಹೆಸರಾಯಿತು.

ಅವರ ವಿದ್ಯೆ ಟೊಳ್ಳಲ್ಲ. ಪ್ರಯೋಗಾಲಯದಲ್ಲಿ ಪಳಗಿದ ಟ್ರಾನ್ಸಿಸ್ಟರ್ ಕೆಲಸವೇ ಅವರ ಮೊದಲ ಸರಕಾಯಿತು. ಆದರೆ ಪದವಿಗೆ ಇನ್ನೊಂದು ಗುಣವೂ ಉಂಟು. ಹಣವಂತನಿಗೆ ಹೊಸಬನ ಗುರುತು ಹೇಳುವ ಶಿಫಾರಸು ಪತ್ರವದು. ಅಷ್ಟೇ ಬುದ್ಧಿಯಿದ್ದೂ ಅಂಥ ಅಂಗಳವನ್ನು ತುಳಿಯದವರು ಎಷ್ಟು ಮಂದಿ ಬರಿಗೈಯಲ್ಲಿ ಹಿಂದಿರುಗಿದರೋ! ಗೆದ್ದವರ ಚರಿತ್ರೆಯಲ್ಲಿ ಅವರಿಗೆ ಒಂದು ಸಾಲೂ ಇಲ್ಲ.

ಇಷ್ಟನ್ನೂ ಹೇಳಿದೆ. ತರುಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ಗುರುತು ಹೇಳುವವರು ಯಾರು?” ಎಂದ. ನನಗೆ ಉತ್ತರ ತೋಚಲಿಲ್ಲ.