ಬಾಡಿಗೆಗೆ ಸಿಗುವ ಚರಿತ್ರೆ: ಗೋವಾದ ದುರಸ್ತಿಯಾದ ಹಳೆಯ ಮನೆಗಳು ಮತ್ತು ಮುಂಡಕಾರರ ಪ್ರಶ್ನೆ

ಗೋವಾದ ಹಳೆಯ ದೊಡ್ಡ ಮನೆಗಳನ್ನು ದುರಸ್ತಿ ಮಾಡಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವುದು ಈಗ ಸಾಮಾನ್ಯವಾಗಿದೆ. ಕ್ಷೇತ್ರಕಾರ್ಯಕ್ಕೆ ಹೋದಾಗ ಸಾಷ್ಟಿ ತಾಲ್ಲೂಕಿನ ಅಂಥ ಒಂದು ಮನೆಯಲ್ಲಿ ನಾನೂ ಬಾಡಿಗೆ ಕೊಟ್ಟು ಕೆಲವು ದಿನ ಉಳಿದಿದ್ದೆ. ಇವತ್ತು ಕೇಳಬೇಕೆಂದಿರುವ ಪ್ರಶ್ನೆ ಇಷ್ಟೇ: ಮನೆ ದುರಸ್ತಿಯಾದಾಗ ಅದರ ಚರಿತ್ರೆಯಲ್ಲಿ ಯಾವ ಭಾಗ ಉಳಿಯುತ್ತದೆ, ಯಾವ ಭಾಗ ಬಿಟ್ಟುಹೋಗುತ್ತದೆ?

ಮೊದಲು ಒಂದು ಹೋಲಿಕೆ. ಇಂಗ್ಲೆಂಡಿನ ಕಡಲತೀರದಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಮನೆಗಳನ್ನು ಹೀಗೆಯೇ ಸರಿಪಡಿಸಿ ಬಾಡಿಗೆಗೆ ಕೊಡುತ್ತಾರೆ. ಅವುಗಳಲ್ಲಿ ಬಹಳಷ್ಟು ಮನೆಗಳನ್ನು ಕಟ್ಟಿದ್ದೇ ರಜೆ ಕಳೆಯುವವರಿಗಾಗಿ. 1841ರಲ್ಲಿ ಲಂಡನ್ನಿನಿಂದ ಬ್ರೈಟನ್‌ಗೆ ರೈಲು ಬಂತು, ಅದರ ಹಿಂದೆ ಜನ ಬಂದರು, ಜನಕ್ಕೆ ತಕ್ಕ ಹಾಗೆ ಮನೆಗಳೂ ಎದ್ದವು. ಇವತ್ತು ಅಲ್ಲಿ ಉಳಿಯುವವನು ಆ ಮನೆಯನ್ನು ಹೆಚ್ಚುಕಡಿಮೆ ಮೂಲ ಉದ್ದೇಶಕ್ಕೇ ಬಳಸುತ್ತಾನೆ. ಗೋವಾದ ಕಥೆ ಹಾಗಲ್ಲ. ಇಲ್ಲಿನ ದೊಡ್ಡ ಮನೆ ರಜೆಯ ಮನೆಯೇ ಆಗಿರಲಿಲ್ಲ. ಅದು ಭಾಟ್‌ಕಾರನ ಮನೆ, ಅಂದರೆ ಜಮೀನುದಾರನ ಮನೆ. ಗದ್ದೆಯ ಗೇಣಿ, ತೆಂಗಿನ ತೋಟದ ಆದಾಯ, ಆಳುಗಳ ದುಡಿಮೆ, ಇವುಗಳ ಮೇಲೆ ಅದು ನಿಂತಿತ್ತು. ಈ ವ್ಯತ್ಯಾಸ ಹಿಡಿದುಕೊಂಡರೆ ಮುಂದಿನದೆಲ್ಲ ಸ್ಪಷ್ಟವಾಗುತ್ತದೆ.

ಮನೆಯ ರಚನೆಯನ್ನೇ ನೋಡಿ. ಎತ್ತರದ ಜಗಲಿ, ಮೆಟ್ಟಿಲು, ಅದರ ಎರಡೂ ಬದಿಗೆ ಕಲ್ಲಿನ ಆಸನಗಳಿರುವ ಬಲ್ಕಾಂವ್. ಒಳಗೆ ಬಂದವರನ್ನು ಬರಮಾಡಿಕೊಳ್ಳುವ ದೊಡ್ಡ ಸಾಲೆ, ಪ್ರಾರ್ಥನೆಯ ಕೋಣೆ, ನಡುವೆ ಅಂಗಳ, ತೀರಾ ಹಿಂದೆ ಅಡುಗೆಮನೆ. ಗೋಡೆ ಕೆಂಪು ಜಂಬಿಟ್ಟಿಗೆಯದು. ನಮ್ಮ ಕರಾವಳಿಯವರು ಚಿರೆಕಲ್ಲು ಅಂತೀವಲ್ಲ, ಅದೇ, ಕೊಂಕಣಿಯಲ್ಲಿ ಚಿರೊ. ಹಳೆಯ ಕಿಟಕಿಗಳಲ್ಲಿ ಗಾಜಿನ ಬದಲು ಚಪ್ಪಟೆ ಸಮುದ್ರಚಿಪ್ಪುಗಳನ್ನು ಚೌಕಾಕಾರಕ್ಕೆ ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂಡಿಸಿರುತ್ತಾರೆ. ಬೆಳಕು ಬರುತ್ತದೆ, ಬಿಸಿಲಿನ ಚುರುಕು ಬರುವುದಿಲ್ಲ. ಇನ್ನು ಮೇಲಿನ ಹೆಂಚು ಬಹಳ ಕಡೆ ಮಂಗಳೂರಿನದು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಾಗಾಗಿ ಮನೆ ಮುನ್ನೂರು ವರ್ಷ ಹಳೆಯದು ಅಂತ ಫಲಕ ಹೇಳಿದರೂ, ತಲೆಯ ಮೇಲಿನ ಮಂಗಳೂರು ಹೆಂಚಿನ ಮಾಡು 1865ಕ್ಕಿಂತ ಈಚಿನದು. ಮನೆ ಒಂದೇ ಸಲ ಕಟ್ಟಿದ ವಸ್ತುವಲ್ಲ, ಪ್ರತಿ ತಲೆಮಾರೂ ಅದನ್ನು ಬದಲಿಸಿದೆ. “ಮೂಲ ಸ್ಥಿತಿಗೆ ತಂದಿದ್ದೇವೆ” ಎಂಬ ಮಾತನ್ನು ಆದ್ದರಿಂದಲೇ ನಾವು ಎಚ್ಚರದಿಂದ ಕೇಳಬೇಕು.

ಎರಡನೆಯ ಮಾತು ಹೆಸರಿನದು. ಜಾಹೀರಾತುಗಳಲ್ಲಿ ಇವೆಲ್ಲ “ಪೋರ್ಚುಗೀಸ್ ವಿಲ್ಲಾ”ಗಳು. ಕೇಪೆಯಲ್ಲಿ ಜೋಸೆ ಪಾವ್ಲು ಎಂಬ ಪೋರ್ಚುಗೀಸ್ ಪಾದ್ರಿ 1787ರಲ್ಲಿ ಕಟ್ಟಿಸಿದ ‘ಪಲಾಸಿಯೊ ದು ದೆಯಾಂವ್’ನಂಥದಕ್ಕೆ ಆ ಹೆಸರು ಒಪ್ಪುತ್ತದೆ. ಆದರೆ ಹಳ್ಳಿಗಳ ದೊಡ್ಡ ಮನೆಗಳನ್ನು ಕಟ್ಟಿಸಿದವರಲ್ಲಿ ಹೆಚ್ಚಿನವರು ಗೋವಾದವರೇ, ಮತಾಂತರಗೊಂಡ ಮೇಲ್ಜಾತಿಯ ಭೂಮಾಲೀಕರು. ಚಾಂದರದ ಬ್ರಗಾಂಜಾ ಮನೆಯನ್ನೇ ತೆಗೆದುಕೊಳ್ಳಿ. ಆ ಮನೆತನದ ಲುಯಿಸ್ ದ ಮೆನೆಜೆಸ್ ಬ್ರಗಾಂಜಾ (1878–1938) ಪೋರ್ಚುಗೀಸ್ ಆಡಳಿತವನ್ನು ಕಟುವಾಗಿ ಟೀಕಿಸಿದ ಪತ್ರಕರ್ತ. ಅವರ ಮನೆಯನ್ನು ಬರೀ “ಪೋರ್ಚುಗೀಸ್ ಮನೆ” ಅಂದುಬಿಟ್ಟರೆ ಅರ್ಧ ಚರಿತ್ರೆ ಅಲ್ಲೇ ಅಳಿಸಿಹೋಯಿತು. ಅದೇ ಚಾಂದರ ಒಂದು ಕಾಲಕ್ಕೆ ಕದಂಬರ ಚಂದ್ರಪುರ ಎಂಬುದೂ ಪ್ರವಾಸಿಯ ಕಿವಿಗೆ ಬೀಳುವುದು ಅಪರೂಪ.

ಹಾಗಾದರೆ ಈ ಮನೆಗಳು ಹಾಳುಬಿದ್ದದ್ದು ಏಕೆ? ವಲಸೆ ಒಂದು ಕಾರಣ. ಅದು ಎಲ್ಲರಿಗೂ ಗೊತ್ತು. ನಾನು ಒತ್ತು ಕೊಡಬೇಕೆಂದಿರುವುದು ಎರಡು ಕಾನೂನುಗಳಿಗೆ. ಪೋರ್ಚುಗೀಸರ 1867ರ ನಾಗರಿಕ ಸಂಹಿತೆ ಗಂಡು ಹೆಣ್ಣು ಎನ್ನದೆ ಮಕ್ಕಳೆಲ್ಲರಿಗೂ ಪಾಲು ಕೊಟ್ಟಿತು. ಇದು ನ್ಯಾಯವೇ. ಆದರೆ ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಂದು ಮನೆಗೆ ಹತ್ತಾರು ವಾರಸುದಾರರು. ಒಬ್ಬರು ಲಿಸ್ಬನ್, ಒಬ್ಬರು ಮುಂಬಯಿ, ಇನ್ನೊಬ್ಬರು ಟೊರಾಂಟೊ. ಎಲ್ಲರ ಸಹಿ ಬೀಳುವ ತನಕ ಬೀಗ ತೆಗೆಯುವಂತಿಲ್ಲ. ಎರಡನೆಯದು ಗೇಣಿ ಕಾನೂನು. 1964ರ ಕೃಷಿ ಗೇಣಿ ಕಾಯ್ದೆಗೆ 1976ರಲ್ಲಿ ಬಂದ ಐದನೆಯ ತಿದ್ದುಪಡಿ ಉಳುವವನನ್ನೇ ಒಡೆಯನನ್ನಾಗಿ ಮಾಡಿತು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ಕಂಡ ನಮಗೆ ಇದರ ತೂಕ ಗೊತ್ತಿದೆ. ಗದ್ದೆಯ ಆದಾಯ ನಿಂತ ಮೇಲೆ ಪ್ರತಿ ಮಳೆಗಾಲಕ್ಕೂ ಮಾಡು ಕೈಯಾಡಿಸಲು ದುಡ್ಡು ಎಲ್ಲಿಂದ ಬರಬೇಕು? ಹಾಗಾಗಿ ಸೋರುವ ಮಾಡು ಬರೀ ಶೋಕದ ಚಿತ್ರವಲ್ಲ. ಅದೇ ವರ್ಷಗಳಲ್ಲಿ ಯಾರೋ ಒಬ್ಬ ಗೇಣಿದಾರನ ಹೆಸರು ಮೊದಲ ಸಲ ಪಹಣಿಗೆ ಏರಿತ್ತು.

ಇಲ್ಲಿಗೆ ಮುಂಡಕಾರ ಬರುತ್ತಾನೆ. ಭಾಟ್‌ಕಾರನ ಜಾಗದಲ್ಲಿ ಸಣ್ಣ ಮನೆ ಕಟ್ಟಿಕೊಂಡು, ತೋಟ ಕಾಯುತ್ತ, ಕರೆದಾಗ ಕೆಲಸಕ್ಕೆ ಹೋಗುತ್ತಿದ್ದವನು ಮುಂಡಕಾರ. ಅವನನ್ನು ಒಕ್ಕಲೆಬ್ಬಿಸದಂತೆ 1975ರಲ್ಲಿ ಕಾಯ್ದೆ ಬಂತು. ಮನೆಯ ಜಾಗ ಕೊಂಡುಕೊಳ್ಳುವ ಹಕ್ಕೂ ಸಿಕ್ಕಿತು. ಆದರೂ ಮಾಮಲೇದಾರರ ಕಚೇರಿಗಳಲ್ಲಿ ಈ ಅರ್ಜಿಗಳ ವಿಚಾರಣೆ ವರ್ಷಗಟ್ಟಲೆ ನಡೆಯುತ್ತದೆ. ನಾನು ಉಳಿದಿದ್ದ ಮನೆಯಲ್ಲಿ ಪಿಂಗಾಣಿ, ರೋಸ್‌ವುಡ್ ಕುರ್ಚಿ, ಪೂರ್ವಜರ ಭಾವಚಿತ್ರ, ಎಲ್ಲಕ್ಕೂ ವಿವರಣೆ ಇತ್ತು. ಹಿತ್ತಲಿನಾಚೆಯ ಪುಟ್ಟ ಮನೆಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ದೊಡ್ಡ ಮನೆಯ ಬೆಲೆ ಏರಿದಷ್ಟೂ ಆ ಹಿತ್ತಲಿನ ಬೆಲೆಯೂ ಏರುತ್ತದೆ. ಇತ್ಯರ್ಥವಾಗದ ಅರ್ಜಿ ಹಿಡಿದುಕೊಂಡವನಿಗೆ ಪರಂಪರೆಯ ರಕ್ಷಣೆ ಅಂದರೆ ಏನು ಅಂತ ಅಲ್ಲಿಂದ ಯೋಚಿಸಬೇಕು.

ಇನ್ನೊಂದು ಮರೆವು ನಮಗೆ ಹತ್ತಿರದ್ದು. 2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ಕನ್ನಡ ತಾಯ್ನುಡಿಯವರು ನೂರಕ್ಕೆ ಸುಮಾರು ನಾಲ್ಕೂವರೆ. ವಾಸ್ಕೊದ ಬೈನಾ, ಝುವಾರಿನಗರಗಳಲ್ಲಿ ನೆಲೆಸಿದ, ಕಟ್ಟಡದ ಕೆಲಸಕ್ಕೆ ಹೋಗುವ ಉತ್ತರ ಕರ್ನಾಟಕದವರು ಇವರಲ್ಲಿ ಬಹಳ. ಇವರನ್ನು ‘ಘಾಟಿ’ ಅಂತ ಕೀಳಾಗಿ ಕರೆಯುವುದೂ ಉಂಟು. ನಾನು ಮಾತಾಡಿಸಿದ ಗೌಂಡಿಯೊಬ್ಬರಿಗೆ ಚಿರೆಕಲ್ಲಿನ ಗೋಡೆಗೆ ಸಿಮೆಂಟ್ ಏಕೆ ಆಗಿಬರೋದಿಲ್ಲ ಅನ್ನೋದು ಕೈಯಲ್ಲೇ ಗೊತ್ತಿತ್ತು. ಕಲ್ಲು ನೀರು ಹೀರುತ್ತದೆ, ಸುಣ್ಣದ ಗಾರೆ ಅದನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಒಳಗೇ ಕಟ್ಟಿಹಾಕುತ್ತದೆ, ಆಮೇಲೆ ಪದರ ಕಳಚುತ್ತದೆ. ಸಂರಕ್ಷಣಾ ವಾಸ್ತುಶಿಲ್ಪಿಗಳು ಹೇಳುವುದೂ ಇದನ್ನೇ. ವ್ಯತ್ಯಾಸ ಇಷ್ಟೇ, ವಾಸ್ತುಶಿಲ್ಪಿಯ ಹೆಸರು ಫಲಕದಲ್ಲಿರುತ್ತದೆ.

ಈ ಮನೆಗಳ ಅಧ್ಯಯನದಲ್ಲಿ ಮೂರು ಆಕರಗಳನ್ನು ಒಟ್ಟಿಗೆ ಓದಬೇಕು ಎಂಬುದು ನನ್ನ ಸಲಹೆ: ಮನೆತನದ ಕಾಗದಪತ್ರ, ಮಾಮಲೇದಾರರ ಕಚೇರಿಯ ಮುಂಡಕಾರ ಕಡತ, ಕೆಲಸಗಾರರ ಬಾಯಿಮಾತು. ಮೂರನೆಯದನ್ನು ಕನ್ನಡದಲ್ಲೇ ದಾಖಲಿಸಬಹುದು. ಅದು ನಮ್ಮಂಥವರ ಪಾಲಿನ ಕೆಲಸ.

ಚರ್ಚೆಯಿಂದ

ಪ್ರಶ್ನೆ (ಅಧ್ಯಾಪಕರು): ಬಾಡಿಗೆ ಬರದಿದ್ದರೆ ಈ ಮನೆಗಳು ಬಿದ್ದೇ ಹೋಗುತ್ತಿದ್ದವಲ್ಲ? ನಿಮ್ಮ ಟೀಕೆ ಸ್ವಲ್ಪ ಕಠಿಣವಾಯಿತೇನೋ.

ಉತ್ತರ: ಬಾಡಿಗೆಗೆ ನನ್ನ ವಿರೋಧ ಇಲ್ಲ ಸರ್. ಇಂಗ್ಲೆಂಡಿನಲ್ಲಿ ಲ್ಯಾಂಡ್‌ಮಾರ್ಕ್ ಟ್ರಸ್ಟ್ 1965ರಿಂದ ಇದೇ ದಾರಿಯಲ್ಲಿ ಎಷ್ಟೋ ಕಟ್ಟಡ ಉಳಿಸಿದೆ. ಗೋಡೆ ನಿಂತರೆ ತಾನೇ ನಾವು ಪ್ರಶ್ನೆ ಕೇಳೋದು. ಆದರೆ ಅತಿಥಿ ಕೊಡುವ ದುಡ್ಡು ಯಾವ ಕಥೆ ಹೇಳಬೇಕು ಅನ್ನೋದನ್ನೂ ನಿರ್ಧರಿಸುತ್ತದೆ. ಅದನ್ನು ಗುರುತಿಸೋದು ಚರಿತ್ರೆಯ ವಿದ್ಯಾರ್ಥಿಯ ಕೆಲಸ.

ಪ್ರಶ್ನೆ (ವಿದ್ಯಾರ್ಥಿನಿ): ಗೋವಾದ ಜೊತೆ ನಮ್ಮ ನಂಟು ಕೂಲಿಯದ್ದು ಮಾತ್ರವಾ?

ಉತ್ತರ: ಅಲ್ಲ. ಕದಂಬರನ್ನು ಆಗಲೇ ಹೇಳಿದೆ. 1763ರ ಸುಮಾರಿಗೆ ಹೈದರಾಲಿ ಸೋದೆಯನ್ನು ಗೆದ್ದಾಗ ಅಲ್ಲಿನ ಅರಸರು ಗೋವಾಕ್ಕೆ ಹೋಗಿ ಆಶ್ರಯ ಪಡೆದರು. ಫೋಂಡಾ ತಾಲ್ಲೂಕಿನ ಬಾಂದಿವಡೆಯಲ್ಲಿ ನೆಲೆನಿಂತರು. ಅರಸರು ಬಂದದ್ದಕ್ಕೆ ಕಾಗದ ಇದೆ, ಗೌಂಡಿ ಬಂದದ್ದಕ್ಕೆ ಇಲ್ಲ. ಆ ಕಾಗದ ಬರೆಯೋಕೆ ಇನ್ನೂ ಕಾಲ ಮೀರಿಲ್ಲ. ಅವರು ಈಗಲೂ ಕೆಲಸದಲ್ಲಿದ್ದಾರೆ.