ಲಿಥಿಯಂ ನಿಜಕ್ಕೂ ಮಂದವೇ? ಕ್ಷಾರ ಲೋಹಗಳ ಕ್ರಿಯಾಪಟುತ್ವ ಕುರಿತು ಒಂದು ಟಿಪ್ಪಣಿ

ಆವರ್ತ ಕೋಷ್ಟಕದ ಮೊದಲ ಗುಂಪಿನಲ್ಲಿ ಕೆಳಗಿಳಿದಂತೆ ಲೋಹಗಳ ಕ್ರಿಯಾಪಟುತ್ವ ಹೆಚ್ಚುತ್ತದೆ ಎಂಬುದು ಪಠ್ಯಪುಸ್ತಕಗಳಲ್ಲಿ ನೆಲೆನಿಂತ ಮಾತು. ಪರಮಾಣು ದೊಡ್ಡದಾದಷ್ಟೂ ಹೊರಕವಚದ ಒಂಟಿ ಎಲೆಕ್ಟ್ರಾನಿನ ಮೇಲೆ ನ್ಯೂಕ್ಲಿಯಸ್ಸಿನ ಹಿಡಿತ ಸಡಿಲವಾಗುತ್ತದೆ. ಅಯಾನೀಕರಣ ಶಕ್ತಿಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ: ಪ್ರತಿ ಮೋಲ್‌ಗೆ ಲಿಥಿಯಂ 520, ಸೋಡಿಯಂ 496, ಪೊಟ್ಯಾಸಿಯಂ 419, ಸೀಸಿಯಂ 376 ಕಿಲೋಜೌಲ್.

ನೀರಿಗೆ ಹಾಕಿದಾಗ ಕಣ್ಣಿಗೆ ಕಾಣುವುದೂ ಇದೇ. ಲಿಥಿಯಂ ಚೂರು ತೇಲುತ್ತ ಗುಳ್ಳೆಯೆಬ್ಬಿಸುತ್ತದೆಯೇ ಹೊರತು ಕರಗುವುದಿಲ್ಲ. ಸೋಡಿಯಂ ಕರಗಿ, ಬೆಳ್ಳಿಯ ಗುಂಡಾಗಿ ಸುಯ್ಯೆಂದು ಓಡಾಡುತ್ತದೆ. ಪೊಟ್ಯಾಸಿಯಂ ನೀರು ಮುಟ್ಟುತ್ತಲೇ ಹೊತ್ತಿಕೊಂಡು ನಸುನೇರಳೆ ಜ್ವಾಲೆ ತೋರುತ್ತದೆ.

ಆದರೆ ಪ್ರಮಾಣಿತ ವಿದ್ಯುದ್ವಾರ ವಿಭವದ ಪಟ್ಟಿ ಈ ಕ್ರಮವನ್ನು ಒಪ್ಪುವುದಿಲ್ಲ. ಲಿಥಿಯಂ −3.04, ಸೋಡಿಯಂ −2.71, ಪೊಟ್ಯಾಸಿಯಂ −2.93 ವೋಲ್ಟ್. ಎಂದರೆ, ನೀರಿನಲ್ಲಿ ಅಯಾನಾಗುವ ಒಲವು ಈ ಮೂರರಲ್ಲಿ ಲಿಥಿಯಂಗೇ ಹೆಚ್ಚು.

ಲೆಕ್ಕವನ್ನು ಬಿಡಿಸಿದರೆ ಕಾರಣ ತಿಳಿಯುತ್ತದೆ. ಲಿಥಿಯಂ ಪರಮಾಣುಗಳನ್ನು ಲೋಹದಿಂದ ಬಿಡಿಸಲು ಸುಮಾರು 159, ಎಲೆಕ್ಟ್ರಾನ್ ಕೀಳಲು 520 ಕಿಲೋಜೌಲ್ ಬೇಕು. ಪುಟ್ಟ ಲಿಥಿಯಂ ಅಯಾನನ್ನು ನೀರಿನ ಅಣುಗಳು ಬಿಗಿಯಾಗಿ ಸುತ್ತುವರಿಯುವಾಗ ಸುಮಾರು 519 ಹಿಂದಿರುಗುತ್ತದೆ. ನಿವ್ವಳ ಖರ್ಚು 160. ಸೋಡಿಯಂಗೆ ಇದೇ ಲೆಕ್ಕ 107 + 496 − 406, ಅಂದರೆ 197. ಪೊಟ್ಯಾಸಿಯಂಗೆ 89 + 419 − 322, ಅಂದರೆ 186. ಎಂಟ್ರೊಪಿಯ ಪಾಲನ್ನು ಇಲ್ಲಿ ಹಿಡಿದಿಲ್ಲ; ಹಿಡಿದರೂ ಈ ಕ್ರಮ ಬದಲಾಗದು.

ಹಾಗಾದರೆ ಲಿಥಿಯಂ ನಿಧಾನವೇಕೆ? ಅದು ಕರಗುವುದು 180.5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೋಡಿಯಂಗೆ 97.8, ಪೊಟ್ಯಾಸಿಯಂಗೆ 63.5 ಸಾಕು. ಕರಗಿದ ಲೋಹದಲ್ಲಿ ಹೊಸ ಮೈ ತೆರೆದುಕೊಳ್ಳುತ್ತಲೇ ಇರುತ್ತದೆ. 2015ರಲ್ಲಿ ಪಾವೆಲ್ ಯುಂಗ್‌ವಿರ್ಟ್ ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದದ್ದು ಇದರ ತುತ್ತತುದಿ: ದ್ರವರೂಪದ ಸೋಡಿಯಂ–ಪೊಟ್ಯಾಸಿಯಂ ಮಿಶ್ರಲೋಹದ ಹನಿ ನೀರಿಗೆ ಬಿದ್ದು ಒಂದು ಮಿಲಿಸೆಕೆಂಡ್ ಕಳೆಯುವುದರೊಳಗೆ ಮುಳ್ಳುಮುಳ್ಳಾಗಿ ಚಾಚಿಕೊಂಡಿತು. ಎಲೆಕ್ಟ್ರಾನುಗಳು ನೀರಿಗೆ ಹಾರಿದ ಮೇಲೆ ಉಳಿದ ಧನ ಆವೇಶಗಳು ಒಂದನ್ನೊಂದು ತಳ್ಳಿದ್ದೇ ಅದಕ್ಕೆ ಕಾರಣವೆಂದು ಅವರು ವಿವರಿಸಿದರು.

ಹೀಗೆ ‘ಕ್ರಿಯಾಪಟುತ್ವ’ ಎಂಬ ಒಂದೇ ಪದದಲ್ಲಿ ಒಲವು, ವೇಗ ಎಂಬ ಎರಡು ಅಳತೆಗಳು ಬೆರೆತಿವೆ. ಎದುರಿರುವ ವಸ್ತುವೂ ಮುಖ್ಯ. ಕೊಠಡಿಯ ಉಷ್ಣತೆಯಲ್ಲಿ ಸಾರಜನಕದೊಡನೆ ಕೂಡಿ ನೈಟ್ರೈಡ್ ಆಗುವುದು ಈ ಗುಂಪಿನಲ್ಲಿ ಲಿಥಿಯಂ ಒಂದೇ. ಅಲ್ಲಿ ಮಂದವೆನಿಸುವುದು ಸೀಸಿಯಂ.